ಪಕ್ಕದ ಪಾಳು ಮನೆ ನಮ್ಮ ಗೋಡೆ ಮೇಲೆ ವಾಲಿದೆ, ಪಾಲಿಕೆಯವರು ಮುಟ್ಟಲ್ಲ ಅಂತಾರೆ. ಏನು ಮಾಡಲಿ?

ಪ್ರಶ್ನೆ: "ನಮ್ಮದು ಹಳೇ ಹುಬ್ಬಳ್ಳಿಯ ಒಂದು ಇಕ್ಕಟ್ಟಾದ ಓಣಿ. ಪಕ್ಕದ ಮನೆಗೆ ಹತ್ತು-ಹನ್ನೆರಡು ವರ್ಷದಿಂದ ಕೀಲಿ ಬಿದ್ದಿದೆ. ಹಿರಿಯರು ತೀರಿಕೊಂಡರು. ಮಕ್ಕಳು ಪುಣೆ, ಬೆಳಗಾವಿ, ಬೆಂಗಳೂರು ಅಂತ ಚದುರಿದ್ದಾರೆ. ಅವರವರ ನಡುವೆ ವಾಟ್ನಿ (ಆಸ್ತಿ ಪಾಲು) ದಾವೆ ನಡೆದಿದೆ. ಎರಡೂ ಮನೆಗೆ ನಡುವಿನ ಗೋಡೆ ಒಂದೇ. ಹೋದ ಮಳೆಗಾಲದಲ್ಲಿ ಅವರ ಮಾಳಿಗೆಯ ಒಂದು ಭಾಗ ಕುಸಿದು ಮಣ್ಣು ನಮ್ಮ ಹಿತ್ತಲಿಗೆ ಬಿತ್ತು. ಈಗ ನಮ್ಮ ಅಡಿಗೆಮನೆ ಗೋಡೆಯಲ್ಲಿ ಬಿರುಕು ಬಂದಿದೆ, ಅವರ ಕಡೆ ಅರಳಿ ಗಿಡ ಬೇರು ಬಿಟ್ಟಿದೆ. ಒಳಗೆ ಕಸ, ನಿಂತ ನೀರು, ಸೊಳ್ಳೆ, ಹಾವು. ಸಂಜೆಯಾದರೆ ಕುಡಿಯುವವರ ಕಾಟ. ವಲಯ ಕಚೇರಿಗೆ ಎರಡು ಸಲ ಹೋಗಿ ಹೇಳಿದೆವು. 'ಖಾಸಗಿ ಆಸ್ತಿ, ಅದೂ ಕೋರ್ಟಿನಲ್ಲಿದೆ, ನಾವು ಮುಟ್ಟೋ ಹಾಗಿಲ್ಲ' ಅಂದರು. ಓಣಿಯವರು 'ಅದರ ತೆರಿಗೆ ನೀವೇ ಕಟ್ಟುತ್ತಾ ಹೋಗಿ, ನಿಮ್ಮದೇ ಆಗುತ್ತೆ' ಅಂತಾರೆ. ಪಾಲಿಕೆಯವರೇ ಜಪ್ತಿ ಮಾಡಿ ಹರಾಜು ಹಾಕ್ತಾರೆ ಅಂತಾನೂ ಕೆಲವರು ಹೇಳ್ತಾರೆ. ನನ್ನ ಮೈದುನ ಒಂದು ಭಾನುವಾರ ಜೆಸಿಬಿ ತರಿಸಿ ಕೆಡವಿಬಿಡೋಣ ಅಂತಾನೆ. ಅತ್ತೆಯವರಿಗೆ ಅವರ ಜೊತೆ ವೈರ ಬೇಡ. ನಮಗೆ ಆ ಜಾಗ ಬೇಡ, ರಾತ್ರಿ ನೆಮ್ಮದಿಯಾಗಿ ಮಲಗಿದರೆ ಸಾಕು. ದಾರಿ ಇದೆಯಾ?"

ಉತ್ತರ:

ಅಕ್ಕಾವ್ರೆ, ಮೊದಲು ಜೆಸಿಬಿ ವಿಷಯ. ನಿಮ್ಮ ಮೈದುನನಿಗೆ ಬೇಡ ಅನ್ನಿ. ಕಾನೂನಿನ ಮಾತು ಆಮೇಲೆ, ಮೊದಲು ನಿಮ್ಮ ಮನೆ ಉಳಿಯಬೇಕಲ್ಲ. ಹಳೇ ಹುಬ್ಬಳ್ಳಿಯ ಇಂಥ ಓಣಿಗಳಲ್ಲಿ ನಡುವಿನ ಗೋಡೆ ಸಾಮಾಯಿಕ. ಅವರ ಮನೆಯ ತೊಲೆಗಳ ತುದಿ, ನಿಮ್ಮ ಮನೆಯ ತೊಲೆಗಳ ತುದಿ ಎರಡೂ ಅದೇ ಗೋಡೆಯಲ್ಲಿ ಕೂತಿರುತ್ತವೆ. ಎರಡೂ ಕಡೆಯಿಂದ ಒತ್ತಡ ಇರುವವರೆಗೆ ಗೋಡೆ ನಿಂತಿರುತ್ತದೆ. ಒಂದು ಕಡೆಯದನ್ನು ಯಂತ್ರದಿಂದ ಒಮ್ಮೆಲೇ ಎಳೆದು ಹಾಕಿದರೆ ಗೋಡೆಗೆ ಆ ಕಡೆ ಆಸರೆ ಇಲ್ಲ, ನಿಮ್ಮ ಮಾಳಿಗೆಯ ಭಾರ ಮಾತ್ರ ಉಳಿಯಿತು. ಪಕ್ಕದ ಮನೆ ಕೆಡವಲು ಹೋಗಿ ತಮ್ಮ ಮನೆ ಗೋಡೆಯೇ ಕೂತಿದ್ದನ್ನು ನಾನು ನಗರಾಡಳಿತದಲ್ಲಿ ಇಂಜಿನಿಯರ್ ಆಗಿದ್ದಾಗ ಕಣ್ಣಾರೆ ನೋಡಿದ್ದೇನೆ. ಆ ಮೇಲೆ ಕ್ರಿಮಿನಲ್ ಕೇಸು, ನಷ್ಟ ಪರಿಹಾರದ ದಾವೆ ಬೇರೆ. ಪುಣೆಯಲ್ಲಿರುವ ಮಗ ಹನ್ನೆರಡು ವರ್ಷದಲ್ಲಿ ಒಂದು ಸಲವೂ ಬಂದಿರಲಿಕ್ಕಿಲ್ಲ, ಮನೆ ಕೆಡವಿದ ಮರುದಿನ ಮಾತ್ರ ಬಂದು ನಿಲ್ಲುತ್ತಾನೆ.

ನಿಮ್ಮ ಪತ್ರದಲ್ಲಿ ಮೂರು ವಿಷಯ ಒಂದಕ್ಕೊಂದು ಸುತ್ತಿಕೊಂಡಿವೆ. ಮನೆ ಯಾರದು ಅನ್ನೋದು ಒಂದು. ಗೋಡೆ ಬೀಳುತ್ತದಾ ಅನ್ನೋದು ಇನ್ನೊಂದು. ಕಸ-ಸೊಳ್ಳೆ-ಕುಡುಕರದ್ದು ಮೂರನೆಯದು. ವಲಯ ಕಚೇರಿಯವರು ಮೊದಲನೆಯದನ್ನು ಹಿಡಿದುಕೊಂಡು ಉಳಿದ ಎರಡನ್ನೂ ಕೈಬಿಟ್ಟಿದ್ದಾರೆ. ಅಲ್ಲೇ ತಪ್ಪಿದ್ದು. ಹಕ್ಕು ಬೇರೆ, ಅಪಾಯ ಬೇರೆ. ಮನೆ ಯಾರ ಪಾಲಿಗೆ ಅನ್ನೋದನ್ನು ಕೋರ್ಟು ಹತ್ತು ವರ್ಷ ಬಿಟ್ಟು ಹೇಳಲಿ, ಗೋಡೆ ಅಲ್ಲಿಯವರೆಗೆ ಕಾಯುವುದಿಲ್ಲ. ಪಾಲಿಕೆಗೆ ಮನೆ ಯಾರದು ಅಂತ ತೀರ್ಮಾನ ಮಾಡುವ ಅಧಿಕಾರ ಇಲ್ಲ. ಆದರೆ ಅಪಾಯ ತಪ್ಪಿಸುವ ಅಧಿಕಾರ ಇದೆ, ಅದು ಅವರ ಕರ್ತವ್ಯ ಕೂಡ.

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ ನಡೆಯುವುದು 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮದ ಮೇಲೆ. ಅದರಲ್ಲಿ ಬೀಳುವ ಸ್ಥಿತಿಯ ಕಟ್ಟಡವನ್ನು ದುರಸ್ತಿ ಮಾಡಿ, ಆಸರೆ ಕೊಡಿ ಅಥವಾ ತೆಗೆಯಿರಿ ಎಂದು ಮಾಲೀಕರಿಗೆ ನೋಟಿಸ್ ಕೊಡುವ ಅಧಿಕಾರ ಆಯುಕ್ತರಿಗೆ ಇದೆ. ಯಾರೂ ವಾಸವಿಲ್ಲದೆ, ಮಾಲೀಕತ್ವದ ತಕರಾರಿನಿಂದಲೋ ಬೇರೆ ಕಾರಣಕ್ಕೋ ಹಾಳುಬಿದ್ದು ಸುತ್ತಲಿನವರಿಗೆ ಉಪದ್ರವ ಆಗಿರುವ ಮನೆ ಅಥವಾ ಜಾಗವನ್ನು ಸ್ವಚ್ಛ ಮಾಡಿ, ಬಂದ್ ಮಾಡಿ, ಬೇಲಿ ಹಾಕಿ ಎಂದು ಹೇಳುವ ಅಧಿಕಾರವೂ ಇದೆ. ಗಮನಿಸಿ, ತಕರಾರು ಇರುವ ಆಸ್ತಿಗೆ ಇದು ಅನ್ವಯಿಸುವುದಿಲ್ಲ ಅಂತ ಎಲ್ಲೂ ಇಲ್ಲ. ಇಂಥ ಕಾನೂನು ಹುಟ್ಟಿದ್ದೇ ತಕರಾರಿನ ಆಸ್ತಿಗಳ ಸಲುವಾಗಿ. ಹಕ್ಕು ಹೇಳುವವರೆಲ್ಲರಿಗೂ ನೋಟಿಸ್ ಕೊಡಬಹುದು, ಸಿಗದಿದ್ದರೆ ಬಾಗಿಲಿಗೆ ಅಂಟಿಸಿ ಪಂಚನಾಮೆ ಮಾಡಬಹುದು. ಮಾಲೀಕರು ಮಾಡದಿದ್ದರೆ ಪಾಲಿಕೆಯೇ ಮಾಡಿಸಿ ಆ ಖರ್ಚನ್ನು ಮಾಲೀಕರಿಂದ ತೆರಿಗೆ ಬಾಕಿಯ ಹಾಗೆ ವಸೂಲಿ ಮಾಡಬಹುದು.

ವಾಟ್ನಿ ದಾವೆಯಲ್ಲಿ ಸಾಮಾನ್ಯವಾಗಿ ಬರುವ ಯಥಾಸ್ಥಿತಿ ಆದೇಶ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ತಿಳಿಸದೆ ಮಾರಬಾರದು, ಕಟ್ಟಬಾರದು ಅಂತ ಇರುತ್ತದೆ. ದಾವೆಯಲ್ಲಿ ಪಕ್ಷಗಾರರಲ್ಲದ ಪಾಲಿಕೆ ತನ್ನ ಕಾನೂನಿನ ಕೆಲಸ ಮಾಡುವುದಕ್ಕೆ ಅದು ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಆದರೂ ಆದೇಶದ ಪ್ರತಿ ಓದಿಯೇ ಹೇಳಬೇಕು. "ಕೋರ್ಟಿನಲ್ಲಿದೆ" ಅಂತ ಬಾಯಿಮಾತಲ್ಲಿ ಹೇಳಿದವರನ್ನು ಯಾವ ಕೋರ್ಟು, ಯಾವ ದಾವೆ ನಂಬರು, ಏನು ಆದೇಶ ಅಂತ ಕೇಳಿ. ಬಹಳ ಸಲ ಉತ್ತರ ಇರುವುದಿಲ್ಲ, ಏಕೆಂದರೆ ಯಾರೂ ಆದೇಶ ನೋಡಿರುವುದೇ ಇಲ್ಲ.

ಹಾಗಾದರೆ ಯಾಕೆ ಮಾಡುವುದಿಲ್ಲ? ಒಳಗಿದ್ದು ನೋಡಿದವನಾಗಿ ಹೇಳುತ್ತೇನೆ, ಸೋಮಾರಿತನ ಒಂದೇ ಕಾರಣ ಅಲ್ಲ. ಅಧಿಕಾರಿಗೆ ಹೆದರಿಕೆ ಇರುತ್ತದೆ. ಮನೆ ಕೆಡವಿಸಿದರೆ ನಾಳೆ ವಾರಸುದಾರರಲ್ಲಿ ಯಾರೋ ಒಬ್ಬರು ತನ್ನ ಹೆಸರು ಹಾಕಿ ಕೇಸು ಮಾಡಿದರೆ? 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕಟ್ಟಡ ಕೆಡವುವ ಮುಂಚೆ ಕನಿಷ್ಠ 15 ದಿನದ ನೋಟಿಸ್ ಕೊಡಬೇಕು, ಅಹವಾಲು ಕೇಳಬೇಕು, ತಪ್ಪಿದರೆ ಅಧಿಕಾರಿಯೇ ಹೊಣೆ ಅಂತ ಹೇಳಿದ ಮೇಲೆ ಈ ಹೆದರಿಕೆ ಜಾಸ್ತಿಯಾಗಿದೆ. ಆ ತೀರ್ಪು ಒಳ್ಳೆಯದೇ, ಯಾರ ಮನೆಯನ್ನೂ ಹೇಳದೆ ಕೇಳದೆ ನೆಲಸಮ ಮಾಡಬಾರದು. ಆದರೆ ಅದನ್ನೇ ಕೈಕಟ್ಟಿ ಕೂರಲು ನೆಪ ಮಾಡಿಕೊಳ್ಳುವವರೂ ಇದ್ದಾರೆ. ಅದಕ್ಕೇ ನಾನು ನಿಮಗೆ ಕೊಡುವ ಮುಖ್ಯ ಸಲಹೆ ಇದು: "ಮನೆ ಕೆಡವಿ" ಅಂತ ಅರ್ಜಿ ಬರೆಯಬೇಡಿ. "ಆಸರೆ ಕೊಡಿಸಿ, ಸಡಿಲವಾದ ಭಾಗ ಇಳಿಸಿ, ಬಾಗಿಲು ಭದ್ರ ಮಾಡಿ, ಕಸ-ನೀರು ತೆಗೆಸಿ" ಅಂತ ಬರೆಯಿರಿ. ಚಿಕ್ಕ ಕೆಲಸಕ್ಕೆ ಸಹಿ ಹಾಕಲು ಅಧಿಕಾರಿಗೆ ಕೈ ನಡುಗುವುದಿಲ್ಲ. ವಾರಸುದಾರರಿಗೂ ಕೋಪ ಬರುವುದು ಕಡಿಮೆ. ನಿಮ್ಮ ಅತ್ತೆಯವರ ಚಿಂತೆಗೂ ಇದೇ ಉತ್ತರ.

ಈಗ ತೆರಿಗೆ ಕಟ್ಟುವ ಮಾತು. ಬೇರೆಯವರ ಮನೆಯ ತೆರಿಗೆ ನೀವು ಇಪ್ಪತ್ತು ವರ್ಷ ಕಟ್ಟಿದರೂ ಅದು ನಿಮ್ಮದಾಗುವುದಿಲ್ಲ. ತೆರಿಗೆ ಪಾವತಿ ಹಕ್ಕುಪತ್ರ ಅಲ್ಲ. ನಮ್ಮ ಕಡೆ ಸಿಟಿ ಸರ್ವೆಯ ಪಿ.ಆರ್. ಕಾರ್ಡಿನಲ್ಲಿ (ಆಸ್ತಿಯ ದಾಖಲೆ ಪತ್ರ) ಯಾರ ಹೆಸರಿದೆ, ಖರೀದಿ ಪತ್ರ ಏನು ಹೇಳುತ್ತದೆ, ವಾರಸಾ ಯಾರದ್ದು, ಇವು ಮುಖ್ಯ. ನಿಮಗೆ ಜಾಗವೇ ಬೇಡ ಅಂದಿದ್ದೀರಿ, ಹಾಗಿದ್ದ ಮೇಲೆ ಆ ಮನೆಯ ಹೆಸರಲ್ಲಿ ಒಂದು ರೂಪಾಯಿಯನ್ನೂ ಕಟ್ಟಬೇಡಿ. ನಾಳೆ ಅವರು "ಕಬ್ಜಾ ಮಾಡಲು ಹೊಂಚು ಹಾಕಿದ್ದರು" ಅಂತ ಅದನ್ನೇ ತೋರಿಸುತ್ತಾರೆ.

ಪಾಲಿಕೆ ಜಪ್ತಿ ಮಾಡಿ ಹರಾಜು ಹಾಕುತ್ತದೆ ಅನ್ನೋದೂ ಹಾಗೇ. ತೆರಿಗೆ ಬಾಕಿಗೆ ಜಪ್ತಿ ಮಾಡುವ ದಾರಿ ಕಾನೂನಿನಲ್ಲಿದೆ. ಬರೀ ಪಾಳುಬಿದ್ದಿದೆ ಅನ್ನುವ ಕಾರಣಕ್ಕೆ ಮನೆ ಕಿತ್ತುಕೊಳ್ಳುವ ಕಾನೂನು ನಮ್ಮಲ್ಲಿಲ್ಲ. ಬೇರೆ ದೇಶಗಳಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ನೋಟಿಸಿಗೆ ಬಗ್ಗದ ಪಾಳು ಮನೆಗೆ ಕೋರ್ಟಿನಿಂದ ರಿಸೀವರ್, ಅಂದರೆ ಆಸ್ತಿ ನೋಡಿಕೊಳ್ಳುವವರನ್ನು, ನೇಮಿಸುತ್ತಾರೆ. ಆ ರಿಸೀವರ್ ದುರಸ್ತಿ ಮಾಡಿಸಬಹುದು ಅಥವಾ ದುರಸ್ತಿ ಮಾಡುವವರಿಗೆ ಮಾರಬಹುದು. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 2008ರ ಕಾನೂನಿನ ಪ್ರಕಾರ ಇಂಥ ಮನೆ ನೋಡಿಕೊಳ್ಳಲು ಬೇರೆಯವರನ್ನು ನೇಮಿಸಿ ಅಂತ ಕೋರ್ಟನ್ನು ಕೇಳಬಹುದು. ನಮ್ಮ ರಾಜ್ಯದಲ್ಲೂ ಇಂಥದ್ದೊಂದು ಬೇಕು ಅಂತ ನನಗೆ ಬಹಳ ಸಲ ಅನ್ನಿಸಿದೆ. ಹುಬ್ಬಳ್ಳಿಯ ಹಳೇ ಓಣಿಗಳಲ್ಲಿ, ಗದಗಿನ ಬೆಟಗೇರಿ ಕಡೆ ಕೀಲಿ ಬಿದ್ದ ಮನೆಗಳನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅವು ಬೀಳಲೇಬೇಕಾದ ಮನೆಗಳಲ್ಲ. ಅಷ್ಟು ಬರುವವರೆಗೆ ನಮ್ಮಲ್ಲಿರುವ ಹತ್ತಿರದ ದಾರಿ ಅಂದರೆ ವಾಟ್ನಿ ದಾವೆ ನಡೆಸುತ್ತಿರುವ ಕೋರ್ಟೇ ಆಸ್ತಿ ಕಾಪಾಡಲು ರಿಸೀವರ್ ನೇಮಿಸುವುದು. ಅದು ಸಾಧ್ಯವಿದೆ, ಆದರೆ ದಾವೆಯಲ್ಲಿರುವ ಒಬ್ಬರಾದರೂ ಕೇಳಬೇಕು.

ಮನೆ ಯಾಕೆ ಹೀಗಾಗುತ್ತದೆ ಅನ್ನೋದನ್ನು ಸ್ವಲ್ಪ ಹೇಳಬೇಕು. ಅದು ಗೊತ್ತಾದರೆ ನೀವು ಯಾರ ಹತ್ತಿರ ಏನು ಮಾತಾಡಬೇಕು ಅನ್ನೋದು ತಿಳಿಯುತ್ತದೆ. ಮಾಲೀಕರು ಕೆಟ್ಟವರು ಅಂತ ಅಲ್ಲ. ದಾಖಲೆ ಇನ್ನೂ ಅಜ್ಜನ ಹೆಸರಲ್ಲೇ ಇರುತ್ತದೆ, ಯಾರೂ ವಾರಸಾ ಹಚ್ಚಿಸಿರುವುದಿಲ್ಲ. ಪಾಲು ನಾಲ್ಕಾಗಿ, ಹನ್ನೆರಡಾಗಿ ಒಡೆದಿರುತ್ತದೆ. ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲಿ ಕಾನೂನು ತಿದ್ದಿದ ಮೇಲೂ ಎಷ್ಟೋ ಮನೆಗಳಲ್ಲಿ ಅವರನ್ನು ಬಿಟ್ಟು ವಾಟ್ನಿ ಮಾಡಿಕೊಂಡು, ಈಗ ಅದೇ ಕೋರ್ಟು ಮೆಟ್ಟಿಲು ಹತ್ತಿದೆ. ಒಬ್ಬರು ದುರಸ್ತಿ ಮಾಡಿಸಿದರೆ "ನಿನಗೆ ಜಾಸ್ತಿ ಹಕ್ಕು ಬಂತಾ" ಅಂತ ಇನ್ನೊಬ್ಬರು ಕೇಳುತ್ತಾರೆ, ಹಾಗಾಗಿ ಯಾರೂ ಮಾಡಿಸುವುದಿಲ್ಲ. ಮೇಲೆ ಓಣಿ ಎಷ್ಟು ಇಕ್ಕಟ್ಟು ಅಂದರೆ, ಈಗಿನ ನಿಯಮದಂತೆ ಸುತ್ತ ಜಾಗ ಬಿಟ್ಟು ಹೊಸದು ಕಟ್ಟಲು ಹೊರಟರೆ ಉಳಿಯುವುದು ಒಂದು ಕೋಣೆ. ಮನಸ್ಸಿದ್ದವರೂ ಕಟ್ಟುವುದಿಲ್ಲ.

ಹೀಗೆ ಖಾಲಿ ಬಿದ್ದ ಮನೆಯಿಂದ ಮೊದಲು ಹೋಗುವುದು ಸಾಗವಾನಿ. ಬಾಗಿಲು, ಚೌಕಟ್ಟು, ಕಂಬ, ಕೊನೆಗೆ ತೊಲೆ. ಮನೆಯವರೇ ಮಾರುತ್ತಾರೆ, ಇಲ್ಲವೇ ರಾತ್ರಿ ಕಳ್ಳರು ಒಯ್ಯುತ್ತಾರೆ. ಚೌಕಟ್ಟು ಹೋದ ಕಡೆ ಮೇಲಿನ ಗೋಡೆ ಕೂರುತ್ತದೆ, ತೊಲೆ ಹೋದ ಕಡೆ ಎರಡು ಗೋಡೆಗಳನ್ನು ಹಿಡಿದಿಟ್ಟಿದ್ದ ಬಂಧ ಹೋಗುತ್ತದೆ. ಆಮೇಲೆ ಮಾಳಿಗೆ. ಮೇಲ್ಮುದ್ದಿ (ಮಣ್ಣಿನ ಮಾಳಿಗೆಯ) ಮನೆಗೆ ಕಾಲಕಾಲಕ್ಕೆ ಮಣ್ಣು ಹಾಕಿ ಬಡಿಯಬೇಕು, ನೀರು ಹರಿದುಹೋಗುವ ದೋಣಿಯಲ್ಲಿನ ಕಸ ತೆಗೆಯಬೇಕು. ಒಂದೆರಡು ಮಳೆಗಾಲ ಬಿಟ್ಟರೆ ನೀರು ಜಂತಿಗೆ ಇಳಿಯುತ್ತದೆ, ಗೋಡೆಯ ತಲೆಗೆ ಇಳಿಯುತ್ತದೆ. ಮಣ್ಣಿನ ಗೋಡೆ ಒಣಗಿದ್ದರೆ ನೂರು ವರ್ಷ ನಿಲ್ಲುತ್ತದೆ, ನೆನೆದರೆ ಒಂದು ವಾರ ಸಾಕು. ಮಳೆ ಜೋರಾಗಿ ಬೀಳುವಾಗಲೇ ಬೀಳುತ್ತದೆ ಅಂತಲ್ಲ, ಮಳೆ ನಿಂತು ಮರುದಿನ ಬಿಸಿಲು ಬಿದ್ದಾಗಲೂ ಬೀಳುತ್ತದೆ. ನೀರು ಒಳಗೆ ಇಳಿಯಲು ಹೊತ್ತು ಬೇಕಲ್ವಾ. ಇನ್ನೊಂದು, ಯಾರೂ ಗಮನಿಸದ್ದು: ಹಳೇ ನಳದ ಸಂಪರ್ಕ. ಮನೆ ಬಿಟ್ಟು ಹೋಗುವಾಗ ಅದನ್ನು ಮುಚ್ಚಿಸಿರುವುದಿಲ್ಲ. ನೀರು ಬಿಟ್ಟಾಗಲೆಲ್ಲ ಒಡೆದ ಪೈಪಿನಿಂದ ಪಾಯಕ್ಕೇ ಇಳಿಯುತ್ತದೆ. ಬೇಸಿಗೆಯಲ್ಲೂ ಗೋಡೆಯ ಬುಡ ಹಸಿಯಾಗಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಹಳೆಯದಾದ್ದರಿಂದಲೇ ಬೀಳುತ್ತದೆ ಅನ್ನೋದು ಅರ್ಧ ಸತ್ಯ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕುಸಿದು 19 ಜನರ ಜೀವ ತೆಗೆದದ್ದು ಇನ್ನೂ ಕಟ್ಟುತ್ತಿದ್ದ ಕಟ್ಟಡ. ಅದಕ್ಕೇ ಅರ್ಜಿಯಲ್ಲಿ "ಹಳೇ ಮನೆ" ಅಂತ ಬರೆದರೆ ಸಾಲದು. ಏನಾಗಿದೆ ಅನ್ನೋದನ್ನು ತೋರಿಸಬೇಕು.

ಅದಕ್ಕೆ ನಿಮ್ಮ ಅಡಿಗೆಮನೆಯ ಬಿರುಕಿನಿಂದಲೇ ಶುರು ಮಾಡಿ. ಒಂದು ಮಾತು ನೇರವಾಗಿ ಹೇಳುತ್ತೇನೆ: ಆ ಬಿರುಕು ಪೂರ್ತಿ ಪಕ್ಕದ ಮನೆಯಿಂದಲೇ ಬಂದದ್ದು ಅಂತ ನಾನು ಇಲ್ಲಿ ಕೂತು ಹೇಳಲಾರೆ. ನಮ್ಮದು ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಪಾಯ ಆಳವಿಲ್ಲದ ಮನೆಗಳಲ್ಲಿ ಏಪ್ರಿಲ್-ಮೇನಲ್ಲಿ ಬಿರುಕು ಅಗಲವಾಗಿ, ಆಗಸ್ಟ್ ಹೊತ್ತಿಗೆ ಮತ್ತೆ ಮುಚ್ಚಿಕೊಳ್ಳುವುದು ಇಲ್ಲಿ ಮಾಮೂಲು. ಅಂಥದ್ದು ಅಷ್ಟು ಅಪಾಯ ಅಲ್ಲ. ಮುಚ್ಚಿಕೊಳ್ಳದೆ ದಿನದಿನಕ್ಕೆ ಬೆಳೆಯುವ ಬಿರುಕು, ಕೆಳಗಿಗಿಂತ ಮೇಲೆ ಅಗಲವಾಗಿರುವ ಬಿರುಕು, ಗೋಡೆಯ ಹೊಟ್ಟೆ ಉಬ್ಬಿರುವುದು, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗಿ ಹಾಕಲು ಬರದಿರುವುದು, ಮಣ್ಣು ಉದುರುವ ಸಪ್ಪಳ, ಇವು ಅಪಾಯದ ಗುರುತು. ಗೌಂಡಿಯನ್ನು ಕರೆಸಿ ತೂಗುಗುಂಡು ಬಿಡಿಸಿ ಗೋಡೆ ಎಷ್ಟು ವಾಲಿದೆ ಅಂತ ಅಳತೆ ತೆಗೆಸಿ, ಗೋಡೆ ಮೇಲೆ ದಿನಾಂಕ ಹಾಕಿ ಬರೆದಿಡಿ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯ ಎರಡು ತುದಿಗೂ ಸಿಮೆಂಟ್ ಹಚ್ಚಿ ಕೂರಿಸಿ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಹದಿನೈದು ದಿನ ಬಿಟ್ಟು ಮತ್ತೆ ಅಳತೆ. ಎಷ್ಟು ವಾಲಿದೆ ಅನ್ನೋದಕ್ಕಿಂತ ಇನ್ನೂ ವಾಲುತ್ತಿದೆಯಾ ಅನ್ನೋದು ಮುಖ್ಯ. ಒಡೆದ ಗಾಜಿನ ಫೋಟೊ, ಎರಡು ದಿನಾಂಕದ ಎರಡು ಅಳತೆ, ಇಷ್ಟಿದ್ದರೆ ನಿಮ್ಮ ಅರ್ಜಿಯನ್ನು ಯಾರೂ ಪಕ್ಕಕ್ಕೆ ಸರಿಸಲಾರರು. ಅಷ್ಟರಲ್ಲೇ ಗಾಜು ಒಡೆದರೆ, ಮಳೆ ಶುರುವಾದರೆ, ಆ ಗೋಡೆ ಪಕ್ಕ ಯಾರೂ ಮಲಗಬೇಡಿ. ಒಲೆ, ಸಿಲಿಂಡರ್ ಈ ಕಡೆ ತನ್ನಿ. ಹೆಚ್ಚು ವಾಲಿದ್ದರೆ ವರದಿಗಾಗಿ ಕಾಯದೆ ನಿಮ್ಮ ಕಡೆಯಿಂದ ತೊಲೆಗಳ ಕೆಳಗೆ ಕಂಬದ ಆಸರೆ ಕೊಡಿಸಿ. ಅದು ನಿಮ್ಮ ಮನೆಯೊಳಗೆ ಮಾಡುವ ಕೆಲಸ, ಯಾರ ಪರವಾನಗಿಯೂ ಬೇಡ.

ಸಾಧ್ಯವಾದರೆ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರಿಂದ ಲಿಖಿತ ವರದಿ ತೆಗೆದುಕೊಳ್ಳಿ. ವಿದ್ಯಾನಗರದ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ಸಿವಿಲ್ ವಿಭಾಗದಲ್ಲೋ ಧಾರವಾಡದ ಎಸ್‌ಡಿಎಂ ಇಂಜಿನಿಯರಿಂಗ್ ಕಾಲೇಜಿನಲ್ಲೋ ವಿಚಾರಿಸಿ ನೋಡಿ.

ಅರಳಿ ಗಿಡದ್ದು ಬೇರೆ ಎಚ್ಚರಿಕೆ. ಸಿಟ್ಟಿಗೆ ಕಿತ್ತು ಎಳೆಯಬೇಡಿ. ಬೇರು ಕಲ್ಲಿನ ಸಂದಿಯಲ್ಲಿ ಹೆಣೆದುಕೊಂಡಿರುತ್ತದೆ, ಎಳೆದರೆ ಕಲ್ಲೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ಕಳೆನಾಶಕ ಹಚ್ಚಿ ಬೇರು ಸಾಯಲು ಬಿಡಬೇಕು, ಆಮೇಲೆ ಸಂದಿ ತುಂಬಬೇಕು. ತುಂಬುವಾಗ ಸುಣ್ಣದ ಗಾರೆ ಇರಲಿ. ಮಣ್ಣು-ಸುಣ್ಣದ ಹಳೇ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹೊಡೆಸಿದರೆ ಹೊರಗೆ ಗಟ್ಟಿ ಕಾಣುತ್ತದೆ, ಒಳಗಿನ ತೇವ ಹೊರಗೆ ಬರಲಾರದೆ ಗೋಡೆ ಒಳಗೇ ಕರಗುತ್ತದೆ. ಗಿಡ ಅವರ ಕಡೆ ಇರುವುದರಿಂದ ಇದನ್ನು ಪಾಲಿಕೆಯವರ ಎದುರಿಗೆ ಅಥವಾ ವಾರಸುದಾರರ ಒಪ್ಪಿಗೆ ಇಟ್ಟುಕೊಂಡು ಮಾಡಿಸಿ. ಒಂದು ವಾಟ್ಸಾಪ್ ಸಂದೇಶದ ಒಪ್ಪಿಗೆ ಇದ್ದರೂ ಇಲ್ಲದ್ದಕ್ಕಿಂತ ಮೇಲು.

ಇನ್ನು ಅರ್ಜಿ. ಇಲ್ಲಿಯವರೆಗೆ ನೀವು ಹೋಗಿ "ಹೇಳಿದ್ದು" ಲೆಕ್ಕಕ್ಕೆ ಬರುವುದಿಲ್ಲ. ಕಚೇರಿಯಲ್ಲಿ ಕಾಗದ ಇಲ್ಲದ ದೂರು ದೂರೇ ಅಲ್ಲ. ನಿಮ್ಮ ವಲಯ ಕಚೇರಿಯ ಸಹಾಯಕ ಆಯುಕ್ತರಿಗೆ ಒಂದು, ಪಾಲಿಕೆ ಆಯುಕ್ತರಿಗೆ ಒಂದು ಪ್ರತಿ ಕೊಡಿ. ಟಪಾಲಿನಲ್ಲಿ ಆವಕ ನಂಬರು ಹಾಕಿಸಿ, ಮುದ್ರೆ ಬಿದ್ದ ಪ್ರತಿ ಜೋಪಾನ ಮಾಡಿ. ಭಾಷೆ ಸರಳವಾಗಿರಲಿ, ಹೀಗೆ:

"ಸಿಟಿಎಸ್ (ಸಿಟಿ ಸರ್ವೆ) ನಂಬರ್ ಇಂಥದ್ದರ ಮನೆಯಲ್ಲಿ ಹಲವು ವರ್ಷಗಳಿಂದ ಯಾರೂ ವಾಸವಿಲ್ಲ. ಇಂಥ ದಿನ ಅದರ ಮಾಳಿಗೆಯ ಭಾಗ ಕುಸಿದು ನಮ್ಮ ಹಿತ್ತಲಿಗೆ ಬಿದ್ದಿದೆ. ಸಾಮಾಯಿಕ ಗೋಡೆ ವಾಲಿದ್ದು, ಇಂಥ ದಿನಗಳಂದು ತೆಗೆದ ಅಳತೆ ಹಾಗೂ ಫೋಟೊ ಲಗತ್ತಿಸಿದೆ. ಗೋಡೆ ಕುಸಿದರೆ ನಮ್ಮ ಮನೆಯವರ ಜೀವಕ್ಕೂ ಓಣಿಯಲ್ಲಿ ಓಡಾಡುವವರ ಜೀವಕ್ಕೂ ಅಪಾಯವಿದೆ. ಸ್ಥಳ ಪರಿಶೀಲಿಸಿ ವರದಿ ಮಾಡಿ, ಹಕ್ಕುದಾರರೆಲ್ಲರಿಗೂ ನೋಟಿಸ್ ಕೊಟ್ಟು, ತುರ್ತಾಗಿ ಆಸರೆ ಕೊಡಿಸಬೇಕು, ಬೀಳುವ ಸ್ಥಿತಿಯ ಭಾಗ ಇಳಿಸಬೇಕು, ಕಸ ಮತ್ತು ನಿಂತ ನೀರು ತೆಗೆಸಿ ಬಾಗಿಲು ಬಂದ್ ಮಾಡಿಸಬೇಕು. ಆಸ್ತಿಯ ಮೇಲೆ ನಮಗೆ ಯಾವ ಹಕ್ಕಿನ ಬೇಡಿಕೆಯೂ ಇಲ್ಲ."

ಆ ಕೊನೆಯ ಸಾಲು ಬಿಡಬೇಡಿ. ಅಧಿಕಾರಿಗೂ ವಾರಸುದಾರರಿಗೂ ಕೋರ್ಟಿಗೂ ಅದೇ ಬೇಕಾದದ್ದು. ಓಣಿಯ ನಾಲ್ಕೈದು ಮನೆಯವರ ಸಹಿ ಇದ್ದರೆ ಇನ್ನೂ ಒಳ್ಳೆಯದು, ಇಲ್ಲದಿದ್ದರೆ "ನೆರೆಹೊರೆಯವರ ಜಗಳ" ಅಂತ ಕಡತ ಮುಚ್ಚಿಬಿಡುತ್ತಾರೆ. ವಾರ್ಡಿನ ಪಾಲಿಕೆ ಸದಸ್ಯರಿಗೂ ಒಂದು ಪ್ರತಿ ಕೊಡಿ. ಸಹಾಯವಾಣಿ 1902ಕ್ಕೂ ದೂರು ದಾಖಲಿಸಿ, ನಂಬರು ಬರೆದಿಟ್ಟುಕೊಳ್ಳಿ. ಆ ಮನೆಗೆ ಇನ್ನೂ ಕರೆಂಟು ಸಂಪರ್ಕ ಇದ್ದರೆ ಹೆಸ್ಕಾಂಗೆ ತಿಳಿಸಿ ತೆಗೆಸಿ, 1912ಕ್ಕೆ ಫೋನ್ ಮಾಡಬಹುದು. ನೆನೆದ ಗೋಡೆ ಮತ್ತು ಜೀವಂತ ವೈರು ಸೇರಬಾರದು.

ಸೊಳ್ಳೆ ವಿಷಯಕ್ಕೆ ಬೇರೆಯೇ ಅರ್ಜಿ ಕೊಡಿ, ಆರೋಗ್ಯ ನಿರೀಕ್ಷಕರಿಗೆ. ಇದು ಬೇಗ ಆಗುವ ಕೆಲಸ. ಡೆಂಗಿ ಹರಡುವ ಸೊಳ್ಳೆ ನಿಂತ ನೀರಿನಲ್ಲಿ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರ-ಹತ್ತು ದಿನ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ನಿಗದಿ ಮಾಡಿತು. ನಗರಗಳಲ್ಲಿ ಮನೆಗೆ 400 ರೂಪಾಯಿ, ಖಾಲಿ ಜಾಗಕ್ಕೆ 2000. ಹಣ ದೊಡ್ಡದಲ್ಲ, ಆದರೆ ಆ ನೋಟಿಸ್ ಹೋದರೆ ಪುಣೆಯ ಮಗನಿಗೆ ಫೋನ್ ಮಾಡುವ ಮನಸ್ಸು ಬರುತ್ತದೆ. ಕುಡುಕರ ಕಾಟಕ್ಕೆ ಠಾಣೆಯಲ್ಲಿ ಲಿಖಿತ ದೂರು, ಅಷ್ಟೇ.

ಅರ್ಜಿ ಕೊಟ್ಟು ಒಂದು ತಿಂಗಳಾದರೂ ಏನೂ ಆಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ: ನನ್ನ ಇಂಥ ಆವಕ ನಂಬರಿನ ಅರ್ಜಿ ಮೇಲೆ ಏನು ಕ್ರಮ ಆಯಿತು, ಸ್ಥಳ ಪರಿಶೀಲನೆ ವರದಿಯ ಪ್ರತಿ ಕೊಡಿ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಯಲ್ಲಿ ಕೊಡಬೇಕು ಅಂತ ಕಾನೂನಿದೆ, ಅದನ್ನು ಸುಲಭಕ್ಕೆ ಒಪ್ಪುವುದಿಲ್ಲ, ಆದರೂ ಬರೆಯಿರಿ. ವರದಿಯೇ ಮಾಡದವರು ಈ ಅರ್ಜಿ ಬಂದ ಮೇಲೆ ವರದಿ ಮಾಡಲು ಬರುತ್ತಾರೆ.

ಪಾಲಿಕೆ ಬಿಟ್ಟರೆ ಇನ್ನೊಂದು ಬಾಗಿಲಿದೆ, ಜನರಿಗೆ ಇದು ಗೊತ್ತಿರುವುದು ಕಡಿಮೆ. ಕಾರ್ಯನಿರ್ವಾಹಕ ದಂಡಾಧಿಕಾರಿಗಳು, ಅಂದರೆ ಸಾಮಾನ್ಯವಾಗಿ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು, ಹಿಂದಿನ ಸಿಆರ್‌ಪಿಸಿಯ 133, ಬಿದ್ದು ನೆರೆಯಲ್ಲಿ ವಾಸಿಸುವವರಿಗೋ ದಾರಿಹೋಕರಿಗೋ ಗಾಯ ಮಾಡಬಹುದಾದ ಕಟ್ಟಡವನ್ನು ತೆಗೆಯಲು, ದುರಸ್ತಿ ಮಾಡಲು, ಆಸರೆ ಕೊಡಲು ಆದೇಶಿಸುವ ಅಧಿಕಾರ ಅವರಿಗೆ ಕೊಡುತ್ತದೆ. ನೆರೆಯಲ್ಲಿ ವಾಸಿಸುವವರು ಅನ್ನುವ ಮಾತು ಕಾನೂನಿನಲ್ಲೇ ಇದೆ, ಹಾಗಾಗಿ ರಸ್ತೆಗೇ ಬೀಳಬೇಕೆಂದಿಲ್ಲ. ಇಂಥ ಆದೇಶವನ್ನು ಸಿವಿಲ್ ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ. ಇದೇ ಕಲಮಿನ ಮೇಲೆ 1980ರಲ್ಲಿ ಮಧ್ಯಪ್ರದೇಶದ ರತ್ಲಾಂ ಪುರಸಭೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ದುಡ್ಡಿಲ್ಲ ಅನ್ನುವ ನೆಪ ಹೇಳಿ ಸ್ಥಳೀಯ ಸಂಸ್ಥೆ ತನ್ನ ಕರ್ತವ್ಯ ತಪ್ಪಿಸಿಕೊಳ್ಳುವಂತಿಲ್ಲ ಅಂತ ಹೇಳಿತು. ಅಲ್ಲಿನ ಓಣಿಯ ಜನ ಗಟಾರಿನ ಸಲುವಾಗಿ ಹೋರಾಡಿದ್ದು. ನಿಮ್ಮ ಅರ್ಜಿಯಲ್ಲಿ ಅದನ್ನು ಒಂದು ಸಾಲು ಉಲ್ಲೇಖಿಸಿ.

ಕೋರ್ಟಿನ ದಾರಿ ಕೊನೆಗಿರಲಿ. ವಾರಸುದಾರರ ಮೇಲೆ ಸಿವಿಲ್ ದಾವೆ ಹೂಡಿ ದುರಸ್ತಿ ಮಾಡಿಸಿ ಅಂತ ಆದೇಶ ಕೇಳಬಹುದು, ನಷ್ಟವನ್ನೂ ಕೇಳಬಹುದು. ಸಮಯ ಹಿಡಿಯುತ್ತದೆ, ಎಲ್ಲ ವಾರಸುದಾರರ ವಿಳಾಸ ಹುಡುಕಿ ಸಮನ್ಸ್ ತಲುಪಿಸುವುದರಲ್ಲೇ ವರ್ಷ ಹೋಗಬಹುದು. ಪಾಲಿಕೆ ಮೇಲೆ ದಾವೆ ಅಂದರೆ ಮೊದಲು ನೋಟಿಸ್ ಕೊಟ್ಟು ಕಾಯಬೇಕು. ಪಾಲಿಕೆ ಕರ್ತವ್ಯ ಮಾಡುತ್ತಿಲ್ಲ ಅಂತ ಹೈಕೋರ್ಟಿನ ಧಾರವಾಡ ಪೀಠಕ್ಕೆ ರಿಟ್ ಹಾಕುವುದು ಕೆಲವೊಮ್ಮೆ ಇದಕ್ಕಿಂತ ಬೇಗ. ಅಲ್ಲೂ ನಿಮ್ಮ ಕೈಯಲ್ಲಿ ಮುದ್ರೆ ಬಿದ್ದ ಅರ್ಜಿಗಳು ಇರಬೇಕು. ಖರ್ಚಿನ ಚಿಂತೆ ಇದ್ದರೆ, ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಕೋರ್ಟ್ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಯಲ್ಲಿ ನಿಮ್ಮ ಹೆಸರಲ್ಲೇ ಅರ್ಜಿ ಕೊಡಿ, ಮನೆಯ ಗಂಡಸರ ಹೆಸರಲ್ಲಿ ಅಲ್ಲ.

ನನ್ನ ಅನುಭವದಲ್ಲಿ ನಿಜವಾಗಿ ಕೆಲಸ ಆಗುವುದು ಇವೆಲ್ಲದರ ಜೊತೆ ವಾರಸುದಾರರ ಹತ್ತಿರ ಮಾತಾಡಿದಾಗ. ಎಲ್ಲರ ಜೊತೆ ಅಲ್ಲ, ಒಬ್ಬರ ಜೊತೆ. ಹೆಚ್ಚಾಗಿ ಊರಿಗೆ ಹತ್ತಿರ ಇರುವವರು, ನಿಮ್ಮ ವಿಷಯದಲ್ಲಿ ಬೆಳಗಾವಿಯವರು. ಅವರಿಗೆ ಒಂದು ವಿಷಯ ಹೇಳಿ, ಬೆದರಿಕೆಯಾಗಿ ಅಲ್ಲ, ತಿಳಿವಳಿಕೆಯಾಗಿ: ಗೋಡೆ ಬಿದ್ದು ಯಾರಿಗಾದರೂ ಏನಾದರೂ ಆದರೆ, ದಾವೆ ಇನ್ನೂ ಮುಗಿದಿಲ್ಲ ಅನ್ನೋದು ಅವರನ್ನು ಉಳಿಸುವುದಿಲ್ಲ. ನಿರ್ಲಕ್ಷ್ಯದಿಂದ ಇನ್ನೊಬ್ಬರ ಜೀವ ಹೋಗುವಂತೆ ಮಾಡುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ. ಪಾಲಿಕೆಯಿಂದ ಬಂದ ನೋಟಿಸ್ ಹಿಡಿದುಕೊಂಡು ಅವರ ವಕೀಲರು ದಾವೆಯಲ್ಲೇ ಒಂದು ಅರ್ಜಿ ಹಾಕಿ, "ಯಾರ ಹಕ್ಕಿಗೂ ಧಕ್ಕೆ ಇಲ್ಲದಂತೆ ಆಸರೆ ಕೊಡಲು, ಮಾಳಿಗೆ ಇಳಿಸಲು ಅನುಮತಿ ಕೊಡಿ, ಖರ್ಚು ಎಲ್ಲರ ಪಾಲಿಗೆ ಹಾಕಿ" ಅಂತ ಕೇಳಬಹುದು. ಯಾರೂ ಜಾಸ್ತಿ ಹಕ್ಕು ಗಳಿಸಿದ ಹಾಗಾಗುವುದಿಲ್ಲ, ಹಾಗಾಗಿ ಉಳಿದವರೂ ವಿರೋಧ ಮಾಡುವುದು ಕಡಿಮೆ. ಮಾಳಿಗೆ ಇಳಿಸುವಾಗ ಮಾತ್ರ ಕೈಯಿಂದಲೇ, ಮೇಲಿನಿಂದ ಕೆಳಕ್ಕೆ, ಇಂಜಿನಿಯರ್ ನಿಂತು ನೋಡಬೇಕು. ಸಾಮಾಯಿಕ ಗೋಡೆ ಮುಟ್ಟಬಾರದು. ತೊಲೆಯ ತುದಿ ಗೋಡೆಯಲ್ಲೇ ಬಿಟ್ಟು ಕತ್ತರಿಸಬೇಕು, ಕೀಳಬಾರದು. ಇಳಿಸಿದ ಮೇಲೆ ಬಯಲಿಗೆ ಬಿದ್ದ ಗೋಡೆಯ ಆ ಮುಖಕ್ಕೂ ತಲೆಗೂ ಮಳೆ ತಾಗದಂತೆ ಮುಚ್ಚಿಗೆ ಬೇಕು. ಇದನ್ನೆಲ್ಲ ಲಿಖಿತ ಷರತ್ತಾಗಿ ಹಾಕಿಸಿ.

ಓಣಿಯವರು ಮುಂದೆ "ಮನೆಯನ್ನೇ ಕೊಂಡುಬಿಡಿ" ಅಂತಲೂ ಹೇಳುತ್ತಾರೆ. ದಾವೆ ನಡೆಯುವಾಗ ಒಬ್ಬ ಅಣ್ಣನ ಹಿಸ್ಸಾ ಕೊಂಡರೆ ನೀವು ಕೊಂಡದ್ದು ಮನೆಯಲ್ಲ, ದಾವೆ. ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಒಬ್ಬರ ಪಾಲು ಕೊಂಡ ಹೊರಗಿನವರಿಗೆ ಒಳಗೆ ಕಾಲಿಡುವ ಹಕ್ಕೂ ಸಿಗುವುದಿಲ್ಲ. ಹೆಣ್ಣುಮಕ್ಕಳೂ ಸೇರಿ ಎಲ್ಲರೂ ಸಹಿ ಹಾಕಿ, ದಾವೆ ರಾಜಿಯಾಗಿ ಮುಗಿದ ಮೇಲೆ ಬೇಕಿದ್ದರೆ ಯೋಚಿಸಿ.

ಗದಗ-ಬೆಟಗೇರಿ, ಹಾವೇರಿ ಕಡೆಯ ಓದುಗರಿಗೆ: ನಿಮ್ಮದು ನಗರಸಭೆ, 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ ಅನ್ವಯ, ಅರ್ಜಿ ಪೌರಾಯುಕ್ತರ ಹೆಸರಿಗೆ. ಹಳ್ಳಿಯಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ. 152ನೇ ಕಲಮು ಎಲ್ಲ ಕಡೆಯೂ ಒಂದೇ. ಅರ್ಜಿಯನ್ನು ಏಪ್ರಿಲ್‌ನಲ್ಲೇ ಕೊಡಿ. ಮಳೆಗಾಲಕ್ಕೆ ಮುಂಚೆ ಶಿಥಿಲ ಕಟ್ಟಡಗಳ ಪಟ್ಟಿ ಮಾಡುವ ರೂಢಿ ಬಹಳ ಊರುಗಳಲ್ಲಿದೆ, ಆ ಪಟ್ಟಿಯಲ್ಲಿ ನಿಮ್ಮ ಪಕ್ಕದ ಮನೆಯ ನಂಬರು ಬಂದರೆ ಜೂನ್‌ಗೆ ಮೊದಲು ಯಾರಾದರೂ ಬಂದು ನೋಡುತ್ತಾರೆ.